ಮೊದಲ ತಿದ್ದುಪಡಿಯ ಪಾಠ

(ಉಪನ್ಯಾಸವೊಂದರ ಬರಹರೂಪ)



ಹೊಸ ಮನೆ ಕಟ್ಟಿಸಿದವರು ಎರಡು ವರ್ಷ ತುಂಬುವ ಮೊದಲೇ ಗೋಡೆ ಒಡೆಸಿದರೆ ನೆರೆಹೊರೆಯವರು ಕಾರಣ ಕೇಳುವುದುಂಟು. ನಮ್ಮ ಸಂವಿಧಾನ ಜಾರಿಗೆ ಬಂದದ್ದು ೧೯೫೦ರ ಜನವರಿ ೨೬ರಂದು. ಅದರ ಮೊದಲ ತಿದ್ದುಪಡಿಯ ಮಸೂದೆಯನ್ನು ಪ್ರಧಾನಿ ನೆಹರೂ ಮಂಡಿಸಿದ್ದು ೧೯೫೧ರ ಮೇ ೧೨ರಂದು. ನಡುವೆ ಹದಿನಾರು ತಿಂಗಳೂ ಇಲ್ಲ. ಇಷ್ಟು ಅವಸರವೇಕೆ?

ಉತ್ತರ ಎರಡು ಪತ್ರಿಕೆಗಳ ಕತೆಯಲ್ಲಿದೆ. ಮುಂಬಯಿಯ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ತನ್ನ ರಾಜ್ಯದೊಳಗೆ ಬರಕೂಡದೆಂದು ಮದ್ರಾಸ್ ಸರ್ಕಾರ ನಿಷೇಧ ಹೇರಿತು. ದೆಹಲಿಯಲ್ಲಿ ಬಲಪಂಥೀಯ ‘ಆರ್ಗನೈಸರ್’, ಕೋಮು ವಿಷಯಗಳ ಬರಹವನ್ನು ಅಚ್ಚಿಗೆ ಮೊದಲು ಅಧಿಕಾರಿಗಳಿಗೆ ತೋರಿಸಬೇಕೆಂಬ ಆಜ್ಞೆ ಹೊರಟಿತು. ಎರಡೂ ಪತ್ರಿಕೆಗಳು ಸುಪ್ರೀಂ ಕೋರ್ಟಿಗೆ ಹೋದವು. ೧೯೫೦ರ ಮೇ ೨೬ರಂದು ಎರಡೂ ಗೆದ್ದವು. ರಾಜ್ಯದ ಭದ್ರತೆಗೇ ಧಕ್ಕೆ ಬರುವಂತಿದ್ದರೆ ಮಾತ್ರ ವಾಕ್ ಸ್ವಾತಂತ್ರ್ಯಕ್ಕೆ ಇಂಥ ತಡೆ ಹಾಕಬಹುದು. ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಅಗಲವಾದ ಕಾರಣ ಸಂವಿಧಾನದಲ್ಲಿ ಇಲ್ಲ ಎಂದಿತು ನ್ಯಾಯಾಲಯ.

ಇಲ್ಲವೇ? ಹಾಗಾದರೆ ಸೇರಿಸೋಣ ಎಂದಿತು ಸರ್ಕಾರ. ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹಸಂಬಂಧ, ಅಪರಾಧಕ್ಕೆ ಪ್ರಚೋದನೆ ಎಂಬ ಮೂರು ಹೊಸ ಕಾರಣಗಳು ೧೯ನೆಯ ವಿಧಿಯನ್ನು ಹೊಕ್ಕವು. ಸಾಲದೆಂಬಂತೆ, ಈ ವಾಕ್ಯ ಮೊದಲಿನಿಂದಲೂ ಹೀಗೆಯೇ ಇತ್ತೆಂದು ಭಾವಿಸತಕ್ಕದ್ದು ಎಂದೂ ಬರೆಯಲಾಯಿತು!

ಸರ್ಕಾರದ ಆತಂಕ ಸುಳ್ಳಾಗಿರಲಿಲ್ಲ. ದೇಶವಿಭಜನೆಯ ಗಾಯ ಹಸಿಯಾಗಿತ್ತು. ತೆಲಂಗಾಣದಲ್ಲಿ ಸಶಸ್ತ್ರ ಹೋರಾಟವಿತ್ತು. ಅದೇ ತಿದ್ದುಪಡಿ ಜಮೀನ್ದಾರಿ ರದ್ದತಿಗೂ ಹಿಂದುಳಿದವರ ಮೀಸಲಾತಿಗೂ ಆಸರೆಯಾಯಿತೆಂಬುದನ್ನು ಮರೆಯಲಾಗದು. ಆದರೆ ಅದನ್ನು ಅಂಗೀಕರಿಸಿದ್ದು ವಯಸ್ಕ ಮತದಾನದಿಂದ ಆರಿಸಿಬರದ ಹಂಗಾಮಿ ಸಂಸತ್ತು. ಮೊದಲ ಮಹಾಚುನಾವಣೆಗೆ ಕೆಲವೇ ತಿಂಗಳು ಉಳಿದಿದ್ದವು. ಶ್ಯಾಮಪ್ರಸಾದ್ ಮುಖರ್ಜಿ, ಹೃದಯನಾಥ ಕುಂಜ್ರು ಮೊದಲಾದವರು ವಿರೋಧಿಸಿದರೂ ಬಹುಮತ ಸರ್ಕಾರದ ಕಡೆಗಿತ್ತು. ಜೂನ್ ೧೮ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ವಿರೋಧ ವ್ಯರ್ಥವಾಯಿತೆ? ಪೂರ್ತಿ ಅಲ್ಲ. ಚರ್ಚೆಯ ಕಾವಿನಲ್ಲಿ ಒಂದು ಪದ ಸೇರಿತು: ನಿರ್ಬಂಧವು ‘ಸಮಂಜಸ’ವಾಗಿರಬೇಕು. ಸಮಂಜಸವೋ ಅಲ್ಲವೋ ಎಂದು ತೂಗುವ ತಕ್ಕಡಿ ಇದರಿಂದ ನ್ಯಾಯಾಲಯದ ಕೈಯಲ್ಲಿ ಉಳಿಯಿತು. ಇಂದಿಗೂ ಪತ್ರಕರ್ತನೊಬ್ಬ ನಿಷೇಧದ ವಿರುದ್ಧ ವಾದಿಸುವಾಗ ಹಿಡಿದು ನಿಲ್ಲುವ ಊರುಗೋಲು ಆ ಪದವೇ.

ಆದರೂ ತೆರೆದ ಬಾಗಿಲು ಮುಚ್ಚಲಿಲ್ಲ. ವಸಾಹತು ಕಾಲದ ರಾಜದ್ರೋಹದ ಕಲಮನ್ನು ೧೯೫೦ರಲ್ಲಿ ಪಂಜಾಬ್ ಹೈಕೋರ್ಟ್ ಅಸಿಂಧು ಎಂದಿತ್ತು. ೧೯೬೨ರಲ್ಲಿ ಸುಪ್ರೀಂ ಕೋರ್ಟ್ ಅದರ ವ್ಯಾಪ್ತಿಯನ್ನು ಕಿರಿದುಗೊಳಿಸಿ ಉಳಿಸಿಕೊಂಡಾಗ ನೆರವಿಗೆ ಬಂದದ್ದು ಇದೇ ‘ಸಾರ್ವಜನಿಕ ಸುವ್ಯವಸ್ಥೆ’. ನ್ಯಾಯಾಲಯದ ಪರಿಶೀಲನೆಯಿಂದ ಕಾಯಿದೆಗಳನ್ನು ಕಾಪಾಡಲು ಅದೇ ತಿದ್ದುಪಡಿ ಹುಟ್ಟುಹಾಕಿದ ಒಂಬತ್ತನೆಯ ಅನುಸೂಚಿಯಲ್ಲಿ ಮೊದಲು ಇದ್ದದ್ದು ೧೩ ಕಾಯಿದೆಗಳು. ಮುಂದೆ ಅವು ೨೮೪ ಆದವು.

ಈ ಕತೆಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಹೆಸರೊಂದಿದೆ. ಅನುಸೂಚಿಗೆ ಸೇರಿದ್ದ ಕೇರಳದ ಭೂಸುಧಾರಣಾ ಕಾನೂನುಗಳನ್ನು ಪ್ರಶ್ನಿಸಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ೧೯೭೩ರ ಆ ತೀರ್ಪು, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು ಸಾರಿತು. ೧೯೫೧ರಲ್ಲಿ ಇಲ್ಲದಿದ್ದ ಗಡಿ ಆಗ ಮೂಡಿತು.

ಹೊಸ ಪ್ರಜಾಪ್ರಭುತ್ವಗಳಲ್ಲಿ ಮೊದಲ ತಿದ್ದುಪಡಿಗೆ ಹೆಚ್ಚಿನ ತೂಕವಿರುತ್ತದೆ, ಏಕೆಂದರೆ ಅದು ರೂಢಿಯನ್ನು ಹಾಕಿಕೊಡುತ್ತದೆ. ಕೋರ್ಟಿನಲ್ಲಿ ಸೋತ ಸರ್ಕಾರ ತನ್ನ ನಡತೆಯನ್ನು ತಿದ್ದಿಕೊಳ್ಳಬೇಕೆ, ಸಂವಿಧಾನವನ್ನು ತಿದ್ದಬೇಕೆ? ಒಳ್ಳೆಯ ಉದ್ದೇಶದ ಸರ್ಕಾರ ಪಡೆದ ಅಧಿಕಾರ ಮುಂದೆ ಯಾರ ಕೈಗೂ ಹೋಗಬಹುದು. ಹೊಸ ಮಸೂದೆ ಬಂದಾಗಲೆಲ್ಲ, ನಮಗೆ ಒಪ್ಪಿಗೆಯಿಲ್ಲದವರ ಕೈಯಲ್ಲಿ ಇದು ಏನಾದೀತು ಎಂದು ಒಮ್ಮೆ ಕೇಳಿಕೊಳ್ಳೋಣ.