ಆಟದ ಪುರವಣಿಯಲ್ಲಿ ದೇವತೆಗಳು

ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಬೆಳೆಸುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ನಿಯಮಗಳ ಮೂರು ಕಿರುಹೊತ್ತಗೆಗಳು ಸಾಲದೆ ಪುರವಣಿಗಳು ಬಂದುವು. ಸೂತ್ರಕ್ಕೆ ವಾರ್ತಿಕ ಬಂದ ಹಾಗೆ. ವಾರ್ತಿಕಕಾರನು ಸೂತ್ರ ಬಿಟ್ಟುದನ್ನು ತುಂಬಬೇಕು, ತಪ್ಪಿದುದನ್ನು ತಿದ್ದಬೇಕು; ಹೊಳೆದುದನ್ನೆಲ್ಲ ತುರುಕಬಾರದು.

1975ರ ‘ಗ್ರೇಹಾಕ್’ ಪುರವಣಿ ಕಳ್ಳನ ಪಾತ್ರವನ್ನು ತಂದಿತು. ಯೋಧ, ಮಾಂತ್ರಿಕ, ಪುರೋಹಿತರಷ್ಟೆ ಇದ್ದೆಡೆ ಬೀಗ ತೆಗೆಯುವ, ನೆರಳಿನಲ್ಲಿ ಅಡಗುವ ಜಾಣ್ಮೆಗೂ ಎಡೆ ದೊರೆಯಿತು. ಇದು ಸಲ್ಲುವ ಸೇರ್ಪಡೆ. ಅದೇ ವರ್ಷದ ‘ಬ್ಲ್ಯಾಕ್‌ಮೂರ್’ ಪೆಟ್ಟು ದೇಹದ ಯಾವ ಭಾಗಕ್ಕೆ ಬಿತ್ತೆಂಬುದಕ್ಕೆ ಕೋಷ್ಟಕ ಕೊಟ್ಟಿತು. ಲೆಕ್ಕ ಬೆಳೆಯಿತು, ಕಥೆ ನಿಂತಿತು.

1976ರ ನಾಲ್ಕನೆಯ ಪುರವಣಿ ನಮ್ಮನ್ನೂ ಮುಟ್ಟುತ್ತದೆ, ಕೇಳುಗರೆ. ಗ್ರೀಕರ, ಈಜಿಪ್ಟಿನವರ ದೇವತೆಗಳೊಡನೆ ಭಾರತದ ದೇವತೆಗಳೂ ಅಲ್ಲಿದ್ದಾರೆ, ಇಷ್ಟು ಪ್ರಾಣಾಂಕ, ಇಷ್ಟು ಕವಚಬಲ ಎಂಬ ಲೆಕ್ಕದೊಡನೆ! ಮಿತಿಮೀರಿ ಬಲಿತ ಪಾತ್ರಗಳಿಗೆ ತಮ್ಮ ಅಳವೆಷ್ಟೆಂದು ತೋರಿಸುವುದು ಮುನ್ನುಡಿಯ ಉದ್ದೇಶ. ಆದರೆ ಪ್ರಾಣಾಂಕವೊಂದಿದ್ದ ಮೇಲೆ ಅದನ್ನು ಸೊನ್ನೆಗಿಳಿಸುವ ಆಸೆ ಹುಟ್ಟದಿದ್ದೀತೆ? ಭಕ್ತಿಗೆ ನೋವಾಯಿತೆಂದು ನನ್ನ ದೂರಲ್ಲ. ತಾಳಮದ್ದಳೆಯಲ್ಲಿ ದೇವರು ಬೈಗುಳ ತಿನ್ನುವುದುಂಟು. ಅಲ್ಲಿ ಅದಕ್ಕೆ ಅವನ ಮಾರುತ್ತರವಿದೆ, ಇಲ್ಲಿ ಬರಿಯ ಅಂಕಿ. ಆ ದೇವತೆ ಏನು ಬೇಡುತ್ತಾನೆ, ಯಾವುದಕ್ಕೆ ಮುನಿಯುತ್ತಾನೆ ಎಂಬ ನಾಲ್ಕು ಸಾಲು ಅಂಕಿಗಳ ಸ್ಥಾನದಲ್ಲಿದ್ದಿದ್ದರೆ, ಆಟ ನಡೆಸುವವನಿಗೆ ಒಂದು ಸಂಜೆಯ ಕಥೆ ದೊರೆಯುತ್ತಿತ್ತು.