ಸಂಶೋಧನೆಯ ಓದಿಗೆ ಅರ್ಜಿ ಹಾಕುವವರ ಮನೆಯವರಿಗೆ



ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅವರಲ್ಲಿ ಕೆಲವರಿಗೆ ಮುಂದೆ ವೈದ್ಯಕೀಯ ಸಂಶೋಧನೆ ಮಾಡಬೇಕು, ಪಿಎಚ್.ಡಿ.ಗೆ ಅರ್ಜಿ ಹಾಕಬೇಕು ಎಂಬ ಆಸೆ ಇದೆ. ಇವತ್ತಿನ ನನ್ನ ಮಾತು ಅವರಿಗೂ ಹೌದು, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿಗಳಿಗೆ. ನಾನು ಅಕ್ಕಲಕೋಟೆ ಕಡೆಯವನು. ಮೆಟ್ರಿಕ್ ತನಕ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ವಿಜ್ಞಾನದ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಅರ್ಜಿ, ದಾಖಲೆ, ಸಾಲ, ಬಡ್ಡಿ, ಈ ನಾಲ್ಕು ವಿಷಯ ಚೆನ್ನಾಗಿ ಬಲ್ಲೆ. ಊರಿನ ಮಕ್ಕಳ ಅರ್ಜಿಗಳನ್ನು ಕೂತು ತುಂಬಿಸುವುದು ಈಗ ನನ್ನ ಸಂಜೆಯ ಕೆಲಸ.

ಮನೆಯವರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಾಕಾ, ಹುಡುಗಿ ಎಂ.ಎಸ್ಸಿ. ಮುಗಸ್ಯಾಳ. ಇನ್ನೂ ಐದು ವರ್ಷ ಓದ್ತೀನಿ ಅಂತಾಳ. ಅಷ್ಟು ರೊಕ್ಕ ಎಲ್ಲಿಂದ ತರೂಣು?"

ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಓದಿಗೆ ನೀವು ಹೊಲ ಮಾರಬೇಕಾಗಿಲ್ಲ, ಬಂಗಾರ ಅಡ ಇಡಬೇಕಾಗಿಲ್ಲ. ಸರಿಯಾದ ದಾರಿಯಲ್ಲಿ ಹೋದರೆ ಸರ್ಕಾರವೇ ಓದುವವರಿಗೆ ತಿಂಗಳು ತಿಂಗಳು ಹಣ ಕೊಡುತ್ತದೆ. ನೀವು ಕೊಡಬೇಕಾದದ್ದು ಎರಡೇ: ಸಮಯ ಮತ್ತು ನೆಟ್ಟಗಿರುವ ಕಾಗದಪತ್ರ.

ಮೊದಲು ಇದು ಎಂಥ ಓದು ಎಂಬುದನ್ನು ತಿಳಿಯೋಣ. ಇದು ಡಾಕ್ಟರಿಕೆ ಅಲ್ಲ. ರೋಗಿಯನ್ನು ನೋಡುವುದು ಡಾಕ್ಟರರ ಕೆಲಸ. ರೋಗ ಹೇಗೆ ಹುಟ್ಟುತ್ತದೆ, ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುವುದು ಇವರ ಕೆಲಸ. ನಮ್ಮ ಹೊಲದ ಬದುವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ನನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಆ ವಿಷ ಬಹಳ ವರ್ಷಗಳಿಂದ ಹೆಚ್ಚಾಗಿ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತಿದೆ. ಆದರೆ ಜಾತಿ ಒಂದೇ ಆದರೂ ಒಂದೊಂದು ಸೀಮೆಯ ಹಾವಿನ ವಿಷದ ಗುಣ ಒಂದೊಂದು ಥರ. ಆದ್ದರಿಂದ ಆ ಔಷಧ ಎಲ್ಲ ಕಡೆಯೂ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾಗೆಂದು ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. ಇವತ್ತಿಗೂ ಜೀವ ಉಳಿಸುವುದು ಅದೇ ಔಷಧ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಇಂಥ ಪ್ರಯೋಗಶಾಲೆಗಳಲ್ಲಿ ದಿನದ ಕೆಲಸ ಮಾಡುವವರು ಬಹುಮಟ್ಟಿಗೆ ಪಿಎಚ್.ಡಿ. ವಿದ್ಯಾರ್ಥಿಗಳೇ. ಹೊಲ ಕಂಡ ಮನೆಯ ಮಗಳು ಅಲ್ಲಿ ಹೋಗಿ ಕೂತರೆ ಆ ಕೆಲಸಕ್ಕೆ ಬಲ ಬರುತ್ತದೆಯೇ ಹೊರತು ಕುಂದು ಬರುವುದಿಲ್ಲ.

ಇನ್ನು ಹಣದ ವಿಷಯ. ದಾರಿಗಳು ಹಲವು ಇವೆ, ಎಲ್ಲಕ್ಕಿಂತ ಹೆಚ್ಚು ಜನ ನಡೆಯುವ ದಾರಿ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವವರೂ ಕೂರಬಹುದು. ಜೀವವಿಜ್ಞಾನದ ಪತ್ರಿಕೆ 200 ಅಂಕದ್ದು, ಸಮಯ 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಆದ್ದರಿಂದ ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದೂ ಒಂದು ವಿದ್ಯೆಯೇ. ಇದರಲ್ಲಿ ಮೇಲಿನ ಅಂಕ ಪಡೆದವರಿಗೆ ಜೆ.ಆರ್.ಎಫ್. ಎಂಬ ಶಿಷ್ಯವೇತನ ಸಿಗುತ್ತದೆ. 2023ರ ಜನವರಿ 1ರಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆಯ ಭತ್ಯೆ ಬೇರೆ. ಬಯೋಟೆಕ್ನಾಲಜಿ ಇಲಾಖೆಯವರು ಇದೇ ರೀತಿಯ ಇನ್ನೊಂದು ಪರೀಕ್ಷೆ ನಡೆಸುತ್ತಾರೆ, ಅದರ ಹೆಸರು ಬಿ.ಇ.ಟಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿರುತ್ತದೆ, ಬೆಂಗಳೂರಿನ ಎನ್.ಸಿ.ಬಿ.ಎಸ್.ಗೆ ಹೋಗುವ ಮುಖ್ಯ ಬಾಗಿಲು ಅದು. ಬಿ.ಎಸ್ಸಿ. ಮುಗಿಸುವವರಿಗೆ ಜ್ಯಾಮ್ ಎಂಬ ಪರೀಕ್ಷೆ ಇದೆ. ಅದರ ಮೂಲಕ ಎಂ.ಎಸ್ಸಿ.ಗೆ ಹೋಗಬಹುದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಒಟ್ಟಿಗೇ ಇರುವ ಓದಿಗೂ ಅರ್ಜಿ ಹಾಕಬಹುದು.

ಎಲ್ಲಿಗೆ ಅರ್ಜಿ ಹಾಕುವುದು? ಗಡಿಯಲ್ಲಿದ್ದೇವೆ ಎಂದು ನಾವು ಕೊರಗುತ್ತೇವೆ. ಈ ವಿಷಯದಲ್ಲಿ ಮಾತ್ರ ಗಡಿಯವರಿಗೆ ಎರಡೂ ಕಡೆ ಬಾಗಿಲು. ಸೊಲ್ಲಾಪುರ, ಜತ್ತ ಕಡೆಯವರಿಗೆ ಪುಣೆಯಲ್ಲಿ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವಿದೆ. ಕ್ಯಾನ್ಸರಿನ ಸಂಶೋಧನೆ ಮಾಡುವವರಿಗೆ ನವಿಮುಂಬಯಿಯ ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದ ಸಂಸ್ಥೆಯಿದೆ. ಆದವಾನಿ, ರಾಯದುರ್ಗ ಮತ್ತು ತೆಲಂಗಾಣದ ಕೇಳುಗರಿಗೆ ಹೈದರಾಬಾದಿನ ಸಿ.ಸಿ.ಎಂ.ಬಿ. ಇದೆ. ಕಾಸರಗೋಡು, ವಯನಾಡಿನವರಿಗೆ ತಿರುವನಂತಪುರದಲ್ಲಿ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರವಿದೆ. ಕಾಸರಗೋಡಿನ ಪೆರಿಯದಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹೊಸೂರಿನವರಿಗಂತೂ ಬೆಂಗಳೂರು ಬಸ್ಸಿನ ದಾರಿ. ಇವೆಲ್ಲ ಇಡೀ ದೇಶದವರಿಗೆ ತೆರೆದಿರುವ ಸಂಸ್ಥೆಗಳು. ನೀವು ಯಾವ ರಾಜ್ಯದವರು, ಮನೆಮಾತು ಯಾವುದು ಎಂದು ಕೇಳಿ ಯಾರೂ ಬಾಗಿಲು ಹಾಕುವುದಿಲ್ಲ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಗಡಿಯ ಮಕ್ಕಳ ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ವಿಜ್ಞಾನದಲ್ಲಲ್ಲ, ಹೆಸರಿನಲ್ಲಿ. ಬಸವರಾಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಶಾಲೆಯವರು ಒಂದು ಥರ ಬರೆದಿರುತ್ತಾರೆ, ಆಧಾರ್ ಮಾಡಿಸುವಾಗ ಇನ್ನೊಂದು ಥರ ಬರೆದಿರುತ್ತಾರೆ, ಪಾಸ್‌ಬುಕ್ಕಿನಲ್ಲಿ ಮೂರನೆಯ ಥರ. ಮಹಾರಾಷ್ಟ್ರದಲ್ಲಿ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಆಂಧ್ರದಲ್ಲಿ ಮನೆತನದ ಹೆಸರು ಮೊದಲು. ತಮಿಳುನಾಡಿನಲ್ಲಿ ಬರೀ ಇನಿಶಿಯಲ್. ಇಂಥ ಪರೀಕ್ಷೆಗಳಿಗೆ ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿರುವ ಹೆಸರೇ ತಾಯಿಬೇರು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಇದನ್ನು ಅರ್ಜಿಯ ಕೊನೆಯ ದಿನ ಮಾಡಲು ಆಗುವುದಿಲ್ಲ. ಮಕ್ಕಳು ಬಿ.ಎಸ್ಸಿ.ಯಲ್ಲಿರುವಾಗಲೇ ಒಂದು ಭಾನುವಾರ ಎಲ್ಲ ಕಾಗದ ಹಾಸಿಕೊಂಡು ಕೂತು ಒಂದೊಂದೇ ಅಕ್ಷರ ತಾಳೆ ನೋಡಿ.

ಜಾತಿ ಪ್ರಮಾಣಪತ್ರದ ಮಾತೂ ಹಾಗೆಯೇ. ಹಿಂದುಳಿದ ವರ್ಗಗಳ ಕೇಂದ್ರದ ಪಟ್ಟಿ ರಾಜ್ಯವಾರು ಇದೆ. ಗಡಿಯಾಚೆಯ ನಿಮ್ಮ ಬೀಗರು ಕರ್ನಾಟಕದ ಪಟ್ಟಿಯಲ್ಲಿದ್ದಾರೆ ಎಂದ ಮಾತ್ರಕ್ಕೆ ನೀವು ನಿಮ್ಮ ರಾಜ್ಯದ ಪಟ್ಟಿಯಲ್ಲಿದ್ದೀರಿ ಎಂದಲ್ಲ. ನಿಮ್ಮ ರಾಜ್ಯದ ಹೆಸರಿನ ಕೆಳಗೆ ನಿಮ್ಮ ಸಮಾಜದ ಹೆಸರು ಹೇಗೆ ಬರೆದಿದೆ ನೋಡಿ, ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಹೊಸ ಪ್ರಮಾಣಪತ್ರ ಮಾಡಿಸಿ. ರಾಜ್ಯದ ನಮೂನೆ ಕೇಂದ್ರದ ಪರೀಕ್ಷೆಗೆ ನಡೆಯುವುದಿಲ್ಲ. ತಹಸೀಲ ಕಚೇರಿಗೆ ಎರಡು ಸಲ ಹೋಗಿ ಬರುವುದು ಬೇಸರದ ಕೆಲಸ, ನಿಜ. ಆದರೆ ಅಪ್ಪನಾದವನು ಮಗಳ ಓದಿಗೆ ಕೊಡಬಹುದಾದ ದೊಡ್ಡ ಸಹಾಯ ಇದೇ.

ಇನ್ನು ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಪರೀಕ್ಷೆ ಪಾಸಾದರೆ ಅರ್ಧ ಕೆಲಸ. ಮುಂದೆ ಸಂದರ್ಶನವಿದೆ. ಅಲ್ಲಿ ಕೇಳುವುದು ಪುಸ್ತಕ ಬಾಯಿಪಾಠ ಬಂದಿದೆಯೇ ಎಂದಲ್ಲ; ನೀವು ಕೈಯಾರೆ ಏನು ಮಾಡಿದ್ದೀರಿ, ಯಾಕೆ ಹಾಗೆ ಮಾಡಿದಿರಿ, ಬೇರೆ ಥರ ಮಾಡಿದ್ದರೆ ಏನಾಗುತ್ತಿತ್ತು ಎಂದು. ಆದ್ದರಿಂದ ಎಂ.ಎಸ್ಸಿ.ಯ ಪ್ರಾಜೆಕ್ಟನ್ನು ಹಣ ಕೊಟ್ಟು ಬರೆಸಬೇಡಿ, ಸಣ್ಣದಾದರೂ ನೀವೇ ಮಾಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳು ವಿದ್ಯಾರ್ಥಿಗಳನ್ನು ಒಳ್ಳೆಯ ಪ್ರಯೋಗಶಾಲೆಗೆ ಕಳಿಸುವ ಒಂದು ಶಿಷ್ಯವೇತನ ಕೊಡುತ್ತವೆ. ಸಣ್ಣ ಊರಿನ ಕಾಲೇಜಿನವರೂ ಹಾಕಬಹುದು. ಹಿಂದಿನ ಚಳಿಗಾಲ ಶುರುವಾಗುವ ಹೊತ್ತಿಗೇ ಅರ್ಜಿ ಹಾಕಬೇಕಾಗುತ್ತದೆ, ಆದ್ದರಿಂದ ದೀಪಾವಳಿಯ ರಜೆಯಲ್ಲಿ ಇದನ್ನು ನೆನಪಿಡಿ.

ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ತರಬೇಕೆಂದು ನಮ್ಮವರು ಶಾಸಕರ ಮನೆಗೆ ಹೋಗುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ನಿಮ್ಮ ಕೆಲಸ ಕಣ್ಣಾರೆ ಕಂಡ ಮೇಷ್ಟ್ರು ಬರೆದ ಹತ್ತು ಸಾಲೇ ಹೆಚ್ಚು ತೂಕದ್ದು. ಅವರಿಗೆ ಕೊನೆಯ ದಿನ ಓಡಿಹೋಗಿ ಕೇಳಬೇಡಿ, ಒಂದು ತಿಂಗಳು ಮೊದಲೇ ಕೇಳಿ.

"ಯಾಕೆ ಸಂಶೋಧನೆ ಮಾಡಬೇಕೆಂದಿದ್ದೀರಿ" ಎಂದು ಒಂದು ಪುಟ ಬರೆಯಲು ಹೇಳುತ್ತಾರೆ. ಬೇರೆಯವರದನ್ನು ನಕಲು ಮಾಡಬೇಡಿ. ಮೊದಲು ಕನ್ನಡದಲ್ಲಿ, ನಿಮ್ಮ ಅವ್ವನಿಗೆ ಹೇಳಿದಂತೆ ಬರೆಯಿರಿ. ಅವ್ವನಿಗೆ ತಿಳಿದರೆ ನಿಮಗೂ ತಿಳಿದಿದೆ ಎಂದರ್ಥ. ಆಮೇಲೆ ಸಾದಾ ಇಂಗ್ಲಿಷಿಗೆ ತನ್ನಿ. ಸಂದರ್ಶನದಲ್ಲೂ ಸಾದಾ ಇಂಗ್ಲಿಷ್ ಸಾಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಆಮೇಲೆ ಹೇಗೆ ತಿಳಿದುಕೊಳ್ಳಬಹುದು ಎಂದು ಯೋಚಿಸಿ ಹೇಳಿ. ಅವರಿಗೆ ಬೇಕಾದದ್ದು ಅದೇ.

ವಿದೇಶದ ಮಾತನ್ನೂ ಕೆಲವರು ಕೇಳುತ್ತಾರೆ. ಇಲ್ಲಿ ಒಂದು ಭೇದ ತಿಳಿದುಕೊಳ್ಳಿ. ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್.ಡಿ.ಗೆ ಆಯ್ಕೆಯಾದರೆ ಸಾಮಾನ್ಯವಾಗಿ ಶುಲ್ಕವನ್ನು ವಿಶ್ವವಿದ್ಯಾಲಯವೇ ಭರಿಸಿ, ಜೀವನಕ್ಕೂ ಹಣ ಕೊಡುತ್ತದೆ. ಎಂ.ಎಸ್. ಓದಿಗಾದರೆ ಬಹುಪಾಲು ನಾವೇ ಕಟ್ಟಬೇಕು. ಸಾಲ ಬೆಳೆಯುವುದು ಅಲ್ಲಿ. ಶಿಕ್ಷಣ ಸಾಲದ ಕಂತು ಓದು ಮುಗಿದ ಮೇಲೆ ಶುರುವಾಗಬಹುದು, ಆದರೆ ಬಡ್ಡಿ ಹಣ ಕೈಗೆ ಬಂದ ದಿನದಿಂದಲೇ ಶುರು. ಈ ಒಂದು ವಾಕ್ಯವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಪಿಎಚ್.ಡಿ. ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ ಇರುತ್ತದೆ, ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಪ್ರತಿ ಅರ್ಜಿಗೂ ಡಾಲರಿನಲ್ಲಿ ಶುಲ್ಕವಿದೆ; ಕೇಳಿಕೊಂಡರೆ ಕೆಲವು ಕಡೆ ಮನ್ನಾ ಮಾಡುತ್ತಾರೆ. 2025ರಲ್ಲಿ ಅಲ್ಲಿನ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿದಾಗ ಕೆಲವು ವಿಶ್ವವಿದ್ಯಾಲಯಗಳು ಸೀಟು ಕಡಿಮೆ ಮಾಡಿದವು. ಆದ್ದರಿಂದ ಅದೊಂದನ್ನೇ ನಂಬಿ ಇಲ್ಲಿಯ ಪರೀಕ್ಷೆ ಬಿಡಬೇಡಿ.

ಒಂದು ಎಚ್ಚರಿಕೆ. "ಪಿಎಚ್.ಡಿ. ಸೀಟು ಮಾಡಿಸಿಕೊಡುತ್ತೇವೆ" ಎಂದು ಹಣ ಕೇಳುವ ಮಧ್ಯಸ್ಥರು ತಾಲೂಕಿನ ಊರುಗಳವರೆಗೂ ಬಂದಿದ್ದಾರೆ. ಅಂಥವರಿಗೆ ಕೊಡಲೆಂದು ಹೆಂಡತಿಯ ಪಾಟಲಿ ಅಡ ಇಡಲು ನನ್ನ ಕೌಂಟರಿಗೆ ಬಂದ ರೈತರನ್ನು ನಾನು ನೋಡಿದ್ದೇನೆ. ನಾನು ಮೇಲೆ ಹೇಳಿದ ಯಾವ ಸಂಸ್ಥೆಯಲ್ಲೂ ಸೀಟು ಮಾರಾಟಕ್ಕಿಲ್ಲ. ಹಣ ಕೊಟ್ಟು ತಂದ ಪದವಿ ಗೋಡೆಗೆ ತೂಗುಹಾಕಲು ಬರುತ್ತದೆ, ಪ್ರಯೋಗಶಾಲೆಯಲ್ಲಿ ನಿಲ್ಲಲು ಬರುವುದಿಲ್ಲ.

ಇದು ಸುಲಭದ ದಾರಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಕೂರುವವರು ಬಹಳ, ಶಿಷ್ಯವೇತನ ಸಿಗುವವರು ಕಡಿಮೆ. ಮೊದಲ ಸಲ ಆಗದೆ ಎರಡನೆಯ, ಮೂರನೆಯ ಸಲ ಆದವರು ಎಷ್ಟೋ ಜನ. ಶಿಷ್ಯವೇತನ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಮೂರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಕಳಿಸಿ. 2022ರ ಯು.ಜಿ.ಸಿ. ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯ ಗರಿಷ್ಠ ಮಿತಿ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷದ ರಿಯಾಯಿತಿಯಿದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆಯೂ ಇದೆ. ಅಂದರೆ "ಓದು ಮುಗಿಯುವ ತನಕ ಮದುವೆ ನಿಲ್ಲಬೇಕೇ, ಮದುವೆಯಾದರೆ ಓದು ನಿಲ್ಲಬೇಕೇ" ಎಂಬ ಜಗಳವನ್ನು ನಿಯಮವೇ ಬಿಡಿಸಿದೆ. ಬೀಗರಿಗೆ ಈ ಮಾತನ್ನು ಮೊದಲೇ ಹೇಳಿಬಿಡಿ.

ತಂದೆ ತಾಯಿಗಳೇ, ಎಂ.ಎಸ್ಸಿ. ಮುಗಿಸಿ ಮಗಳು ಒಂದು ವರ್ಷ ಮನೆಯಲ್ಲಿ ಕೂತು ಪರೀಕ್ಷೆಗೆ ಓದಿದರೆ ಓಣಿಯವರು "ಇನ್ನೂ ಖಾಲಿ ಕುಂತಾಳೇನು" ಎಂದು ಕೇಳುತ್ತಾರೆ. ಬಿತ್ತಿದ ತೊಗರಿ ಆರು ತಿಂಗಳು ಹೊಲದಲ್ಲಿ ನಿಂತರೆ ನಾವು ಅದನ್ನು ಖಾಲಿ ನಿಂತಿದೆ ಎನ್ನುವುದಿಲ್ಲ. ಆ ಒಂದು ವರ್ಷ ನೀವು ಅವಳ ಬೆನ್ನಿಗೆ ನಿಲ್ಲಿ. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.