ಮಣ್ಣಿಗೆ ಬಂದ ಬೆಲೆ, ಮನೆಗೆ ಬಂದ ಮುನಿಸು



ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳೆಂಬ ಆರು ಒಳಶತ್ರುಗಳನ್ನು ಅರಿಷಡ್ವರ್ಗವೆಂದು ಕರೆದ ಭಾರತೀಯ ನೀತಿಚಿಂತನೆಯು ಕ್ರೋಧವನ್ನು ಆಸೆಯ ಬೆನ್ನಿಗೇ ಇರಿಸಿದೆ. ಆಸೆಗೆ ಅಡ್ಡಿ ಬಂದಾಗ ಕೋಪ ಹುಟ್ಟಿ, ಕೋಪ ವಿವೇಕವನ್ನು ಕೆಡಿಸುವ ಬಗೆಯನ್ನು ಭಗವದ್ಗೀತೆಯ 2ನೆಯ ಅಧ್ಯಾಯ ವಿವರಿಸುತ್ತದೆ. ಈ ಸರಣಿಯನ್ನು ಕಣ್ಣಾರೆ ಕಾಣಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪದವೀಧರರು ತಮ್ಮ ಊರು ಬಿಟ್ಟು ಹೋಗಬೇಕಾಗಿಲ್ಲ.

ಈ ಸರಣಿಯ ಮೊದಲ ಕೊಂಡಿಯಾದ ಆಸೆಯನ್ನು ಇಂದು ಬೆಳೆಸುತ್ತಿರುವುದು ಭೋಗವಾದ. ಆದರೆ ಭೋಗವಾದವೆಂದರೆ ವಸ್ತುವಿನ ಮೇಲಿನ ಪ್ರೀತಿಯೆಂಬ ತಪ್ಪು ಗ್ರಹಿಕೆಯನ್ನು ಮೊದಲು ಬಿಡಬೇಕು. ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡ ಮೇಲೆ ತಾಳೆಗರಿಯಿಂದ ಹೊಳಪೇರಿಸುವ ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯೂ ವಸ್ತುವಿನಲ್ಲೇ ಮುಳುಗಿದವನು. ಆದರೆ ಅವನಿಗೆ ಮರದ ಗುಣ ಗೊತ್ತು, ಅರಗಿನ ಹದ ಗೊತ್ತು. ವಸ್ತುವಿನ ಗುಣವನ್ನು ಮರೆತು ಅದರ ಬೆಲೆಯೊಂದನ್ನೇ ಎಣಿಸುವ ಮನೋಭಾವಕ್ಕೆ ಭೋಗವಾದವೆಂಬ ಹೆಸರು ಸಲ್ಲುತ್ತದೆ.

ಕೋಪವೆಲ್ಲವೂ ಒಂದೇ ಬಗೆಯದೂ ಅಲ್ಲ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿ, ಗೂಡಿನ ಧಾರಣೆ ಕುಸಿದಾಗ ರೇಷ್ಮೆ ಬೆಳೆಗಾರರು ಬೀದಿಗಿಳಿದದ್ದು ದುಡಿಮೆಗೆ ತಕ್ಕ ಪ್ರತಿಫಲವನ್ನು ಕೇಳಿದ ಕೋಪ. ಹಗಲಿರುಳು ಹುಳುವಿಗೆ ಸೊಪ್ಪು ಹಾಕಿದವರಿಗೆ ಆ ಕೋಪದ ಹಕ್ಕು ಖಂಡಿತವಾಗಿಯೂ ಇತ್ತು.

ಇಂದು ಮನೆಗಳನ್ನು ಒಡೆಯುತ್ತಿರುವ ಕೋಪ ಬೇರೆಯದು, ಅದರ ಬೇರು ಭೂಮಿಯ ಬೆಲೆಯಲ್ಲಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರೂಪುಗೊಂಡ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಾಗ, ಬೆಂಗಳೂರಿನ ಹೆಸರು ಬಂದರೆ ಜಮೀನಿಗೆ ಬೆಲೆ ಬರುತ್ತದೆಂಬ ವಾದವೂ ಬಹಿರಂಗವಾಗಿಯೇ ಕೇಳಿಬಂದಿತು. ಬಿಡದಿಯ ಕೈಗಾರಿಕೆಗಳು, 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ, ಹಬ್ಬುತ್ತಿರುವ ಬಡಾವಣೆಗಳು, ಇವೆಲ್ಲದರ ಒತ್ತಡದಲ್ಲಿ ರಾಗಿ, ಮಾವು, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲವನ್ನು ಎಕರೆಯ ಬದಲು ಗುಂಟೆಯಲ್ಲಿ, ಗುಂಟೆಯ ಬದಲು ಚದರಡಿಯಲ್ಲಿ ಲೆಕ್ಕ ಹಾಕತೊಡಗಿದಂತೆ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನ್ಯಾಯಾಲಯದಲ್ಲಿ ವಾದಿ, ಪ್ರತಿವಾದಿಗಳಾಗಿದ್ದಾರೆ.

ಈ ಕೋಪದ ಬಿಸಿ ಹೆಚ್ಚಾಗಿ ತಟ್ಟುವುದು ಹೆಣ್ಣುಮಕ್ಕಳಿಗೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲನ್ನು ಕರ್ನಾಟಕವು 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ನೀಡಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ವಿವಾಹಿತರೂ ಸೇರಿದಂತೆ ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿ ದೇಶದ ಕಾನೂನಾಗಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ಜಮೀನು ಮಾರಾಟದ ಮಾತು ಬಂದೊಡನೆ, ತನ್ನ ಪಾಲು ಬೇಡವೆಂದು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರ ಅಕ್ಕತಂಗಿಯರ ಮುಂದೆ ಬರುತ್ತದೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣವೂ ಜೊತೆಗೆ ಬರುತ್ತದೆ. ಸಹಿ ಹಾಕಿದವಳು ಒಳ್ಳೆಯವಳು, ಹಾಕದವಳು ಆಸೆಬುರುಕಿ. ಅವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಪಾಲನ್ನು ಕೇಳಿದವಳ ಮೇಲೆ ದುರಾಸೆಯ ಆರೋಪ ಹೊರಿಸಿ, ಪಾಲನ್ನು ಉಳಿಸಿಕೊಂಡವನ ಸಿಟ್ಟನ್ನು ಸಹಜವೆನ್ನುವ ಈ ತೀರ್ಮಾನ ಅನ್ಯಾಯದ್ದು. ಲೋಭವು ಇಲ್ಲಿ ಮನೆತನದ ಮರ್ಯಾದೆಯ ಹೆಸರಿನಲ್ಲಿ ಮಾತನಾಡುತ್ತದೆ.

ಇಂದು ಪದವಿ ಪಡೆಯುವವರಲ್ಲಿ ಅನೇಕರು ತಮ್ಮ ಮನೆಗಳಲ್ಲಿ ಪಹಣಿಯನ್ನೂ ಕ್ರಯಪತ್ರವನ್ನೂ ಓದಿ ಅರ್ಥಮಾಡಿಕೊಳ್ಳಬಲ್ಲ ಮೊದಲಿಗರು. ಮನೆಯಲ್ಲಿ ಹಕ್ಕು ಬಿಡುಗಡೆ ಪತ್ರವೊಂದು ಸಿದ್ಧವಾದಾಗ, ಅಕ್ಕನೋ ತಂಗಿಯೋ ಅತ್ತೆಯೋ ಸಹಿ ಹಾಕುವ ಮೊದಲು, ಅದರ ಪ್ರತಿ ಸಾಲನ್ನೂ ಅವರಿಗೆ ಓದಿ ಹೇಳಿ, ಅವರ ಪಾಲೆಷ್ಟೆಂಬುದನ್ನು ತಿಳಿಸುವ ಹೊಣೆಯನ್ನು ಈ ಪದವೀಧರರು ವಹಿಸಿಕೊಳ್ಳಲಿ.